ಯಾವ ನೀರಿಗೆ ಯಾವ ಫಿಲ್ಟರ್?

ಬೆಳಗಾವಿಯ ಖಡೇಬಜಾರಿನಲ್ಲೋ ಟಿಳಕವಾಡಿಯಲ್ಲೋ ನೀರು ಶುದ್ಧ ಮಾಡುವ ಯಂತ್ರ ಕೊಳ್ಳಲು ಹೋದವರಿಗೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆಗಳು ಎರಡು. ಮನೆಯಲ್ಲಿ ಎಷ್ಟು ಮಂದಿ, ಖರ್ಚು ಎಷ್ಟರವರೆಗೆ. ನಿಮ್ಮ ಮನೆಗೆ ಬರುವ ನೀರು ಯಾವುದು, ಅದು ಎಲ್ಲಿಂದ ಹೇಗೆ ಬರುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ಮಾರುವವರು ಕೇಳುವುದು ಅಪರೂಪ, ಕೊಳ್ಳುವವರು ಹೇಳುವುದು ಇನ್ನೂ ಅಪರೂಪ. ಔಷಧದಂಗಡಿಯಲ್ಲಿ ರೋಗದ ಹೆಸರೆತ್ತದೆ ಎಲ್ಲಕ್ಕಿಂತ ದುಬಾರಿ ಗುಳಿಗೆ ಕೊಡಿ ಎಂದು ಕೇಳಿದ ಹಾಗಾಯಿತು ಇದು. ಬೆಳಗಾವಿ ನಗರದ ನಳದ ನೀರಿನಲ್ಲೂ ಖಾನಾಪುರ ಸೀಮೆಯ ಬಾವಿ, ಹಳ್ಳ, ಝರಿಗಳ ನೀರಿನಲ್ಲೂ ನಾವು ಮುಖ್ಯವಾಗಿ ಅಂಜಬೇಕಾದದ್ದು ರೋಗಾಣುಗಳಿಗೆ. ಕರಗಿದ ಲವಣಕ್ಕೆ ಅಲ್ಲ. ಆದರೂ ಮನೆಮನೆಯ ಅಡುಗೆ ಗೋಡೆಗೆ ಏರುತ್ತಿರುವುದು ಲವಣ ತೆಗೆಯುವ ಯಂತ್ರ. ಈ ಹೊಂದಾಣಿಕೆ ಯಾಕೆ ತಪ್ಪಿದೆ, ಅದನ್ನು ಹೇಗೆ ಸರಿಪಡಿಸಬಹುದು ಎಂಬುದೇ ಇವತ್ತಿನ ಮಾತು.

ಮೊದಲು ನೀರಿನ ಮೂಲ ನೋಡೋಣ. ಬೆಳಗಾವಿ ನಗರ ಕುಡಿಯುವುದು ಮುಖ್ಯವಾಗಿ ಎರಡು ಜಲಾಶಯಗಳ ನೀರನ್ನು. ಒಂದು, ಪಶ್ಚಿಮಕ್ಕೆ ಮಾರ್ಕಂಡೇಯ ನದಿಗೆ ಕಟ್ಟಿದ ರಾಕಸಕೊಪ್ಪ. ಇನ್ನೊಂದು, ಘಟಪ್ರಭೆಗೆ ಅಡ್ಡಲಾಗಿರುವ ಹಿಡಕಲ್. ಎರಡೂ ಸಹ್ಯಾದ್ರಿಯ ಮಳೆಯಿಂದ ತುಂಬುವ ಕೆರೆಗಳೇ. ರಾಕಸಕೊಪ್ಪ ಬರುವ ಮೊದಲು ಈ ಊರು ನೆಚ್ಚಿಕೊಂಡಿದ್ದದ್ದು ತೆರೆದ ಬಾವಿಗಳನ್ನು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಬಂದವರ ಬಾಯಾರಿಕೆಗೆಂದು ತೋಡಿದ ಬಾವಿ ಟಿಳಕವಾಡಿಯಲ್ಲಿ ಇವತ್ತಿಗೂ ಇದೆ. ಆಗ ಅದಕ್ಕೆ ಪಂಪಾ ಸರೋವರ ಎಂದು ಹೆಸರಿಟ್ಟಿದ್ದರು, ಈಗ ಜನ ಕಾಂಗ್ರೆಸ್ ಬಾವಿ ಎನ್ನುತ್ತಾರೆ. 1990ರ ದಶಕದಲ್ಲಿ ನೀರಿನ ಬರ ಬಿದ್ದಾಗ ಪಾಲಿಕೆಗೆ ಮತ್ತೆ ನೆನಪಾದದ್ದು ಹೂಳು ತುಂಬಿ ಮರೆತುಹೋಗಿದ್ದ ಇಂಥ ಹಳೆಯ ಬಾವಿಗಳೇ. ಇನ್ನು ಖಾನಾಪುರ ತಾಲ್ಲೂಕು ನೀರಿನ ತವರುಮನೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ, ದೇಗಾವಿಯ ಕಡೆ ಮಹದಾಯಿ. ಮಳೆ ಇಷ್ಟು ಬೀಳುವ, ಜಂಬಿಟ್ಟಿಗೆಯ ಕೆಂಪು ನೆಲವಿರುವ ಪ್ರದೇಶದಲ್ಲಿ ನೀರು ಕಲ್ಲುಮಣ್ಣಿನೊಳಗೆ ಹೆಚ್ಚು ಕಾಲ ತಂಗುವುದಿಲ್ಲ. ಹೀಗಾಗಿ ಅದರಲ್ಲಿ ಕರಗುವ ಲವಣವೂ ಕಡಿಮೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 500 ಮಿಲಿಗ್ರಾಂವರೆಗಿನ ಕರಗಿದ ಘನವಸ್ತುವನ್ನು ಒಪ್ಪುತ್ತದೆ. ಬೇರೆ ಮೂಲವೇ ಇಲ್ಲದ ಕಡೆ 2000ದವರೆಗೂ ಸಹಿಸಿಕೊಳ್ಳುತ್ತದೆ. ಘಟ್ಟದ ಮಳೆಯಿಂದ ತುಂಬಿದ ಜಲಾಶಯದ ನೀರು ಈ 500ರ ಹತ್ತಿರಕ್ಕೂ ಸುಳಿಯುವುದಿಲ್ಲ.

ಹಾಗಾದರೆ ಕೇಡು ಸೇರುವುದೆಲ್ಲಿ? ದಾರಿಯಲ್ಲಿ. ಶುದ್ಧೀಕರಣ ಘಟಕದಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಬಿಟ್ಟ ನೀರು ಮನೆ ಮುಟ್ಟುವುದು ಹಳೆಯ ಕೊಳವೆಗಳಲ್ಲಿ, ಅದೂ ಬಿಟ್ಟುಬಿಟ್ಟು. ನೀರು ನಿಂತ ದಿನಗಳಲ್ಲಿ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ. ಬಿರುಕುಗಳ ಮೂಲಕ ಸುತ್ತಲಿನ ಕೊಳಚೆ ಒಳಕ್ಕೆ ಜಿನುಗುತ್ತದೆ. ಇದು ಬರಿಯ ಊಹೆಯಲ್ಲ. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರ್ಗಿಗಳ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಹರಿಸಲು ಆರಂಭಿಸಿದರು. ಬೆಳಗಾವಿಯಲ್ಲಿ 58 ವಾರ್ಡುಗಳ ಪೈಕಿ 10ಕ್ಕೆ ಆ ಭಾಗ್ಯ ಬಂತು; ಉಳಿದ ಊರಿಗೆ ಅದನ್ನು ಹಬ್ಬಿಸುವ ಕೆಲಸ ವರ್ಷಗಟ್ಟಲೆ ಎಳೆದಿದೆ. ಒಂದೇ ಊರು, ಒಂದೇ ಮೂಲ, ಎರಡು ಬಗೆಯ ಪೂರೈಕೆ. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೆ? ಹುಬ್ಬಳ್ಳಿ-ಧಾರವಾಡದಲ್ಲಿ ನಳದ ನೀರನ್ನು ಹೋಲಿಸಿ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟುಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ನೂರಕ್ಕೆ 30ಕ್ಕೂ ಹೆಚ್ಚರಲ್ಲಿ ಮಲದ ಗುರುತಾದ ಇ-ಕೋಲಿ ಸಿಕ್ಕಿತು. ಸದಾ ಹರಿಯುವ ನೀರಿನಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅಲ್ಲಿನ ಮನೆಗಳ ಆರೋಗ್ಯ ನೋಡಿದ ಇನ್ನೊಂದು ಅಧ್ಯಯನ 2015ರಲ್ಲಿ ಬಂತು. ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೆ ರಕ್ತಭೇದಿ ಮತ್ತು ಟೈಫಾಯ್ಡ್ ನಿರಂತರ ನೀರಿನ ವಾರ್ಡುಗಳಲ್ಲಿ ಸ್ಪಷ್ಟವಾಗಿ ಕಡಿಮೆ ಇದ್ದವು. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಮುಖ್ಯವಾಗಿ ನೀರುಣಿಸುವುದು ಸವದತ್ತಿಯ ರೇಣುಕಾ ಸಾಗರ, ಅಂದರೆ ಕಣಕುಂಬಿಯಿಂದ ಇಳಿದ ಅದೇ ಮಲಪ್ರಭೆ ಎಂಬುದನ್ನೂ ಗಮನಿಸಬೇಕು. ನದಿ ಒಂದೇ, ಲವಣವೂ ಅಷ್ಟೇ. ಕಾಯಿಲೆಯ ಲೆಕ್ಕ ಬದಲಾಯಿಸಿದ್ದು ಕೊಳವೆ. ನಳ ಬಿಟ್ಟ ಮೊದಲ ನೀರಿನಲ್ಲೇ ಕೊಳೆ ಹೆಚ್ಚೆಂಬುದೂ ಅದೇ ಊರಿನ ಮಾಪನಗಳಿಂದ ಗೊತ್ತಾಗಿದೆ. ಆದ್ದರಿಂದ ಮೊದಲ ಕೊಡಗಳನ್ನು ಬಳಕೆಗೆ ಹಿಡಿದು, ಧಾರೆ ತಿಳಿಯಾದ ಮೇಲೆ ಕುಡಿಯಲು ಹಿಡಿಯಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಈಗ ಆ ಲವಣ ತೆಗೆಯುವ ಯಂತ್ರದ, ಅಂದರೆ ಆರ್‌ಒ ಯಂತ್ರದ ಮಾತು. ಇದರ ಪೊರೆಯ ರಂಧ್ರಗಳು ಎಷ್ಟು ಸಣ್ಣವೆಂದರೆ ಕರಗಿದ ಉಪ್ಪು ಕೂಡ ದಾಟಲಾರದು. ಸಮುದ್ರದ ನೀರನ್ನು ಸಿಹಿ ಮಾಡಲು ಬೇಕಾದ ವಿದ್ಯೆ ಅದು; ಸವಳು ಬೋರ್‌ವೆಲ್ಲಿಗೆ, ಫ್ಲೋರೈಡ್ ನೀರಿಗೆ ಅದು ನಿಜಕ್ಕೂ ವರ. ಆದರೆ ಆ ಪೊರೆಯ ಮೂಲಕ ಒತ್ತಿದ ನೀರಿನ ಸಣ್ಣ ಪಾಲು ಮಾತ್ರ ಕುಡಿಯಲು ಸಿಗುತ್ತದೆ, ಮಿಕ್ಕಿದ್ದು ಮೋರಿಗೆ. ನಾಲ್ಕು ಲೀಟರಿಗೆ ಒಂದು ಲೀಟರ್ ಸಿಗುವ ಯಂತ್ರವನ್ನು ದಿನಕ್ಕೆ 20 ಲೀಟರ್ ಬಳಸುವ ಮನೆಯಲ್ಲಿಟ್ಟರೆ 60 ಲೀಟರ್ ಹೊರಗೆ ಹೋಯಿತು; ವರ್ಷಕ್ಕೆ ಸುಮಾರು 22 ಸಾವಿರ ಲೀಟರ್. ಮೇ ತಿಂಗಳಲ್ಲಿ ಟ್ಯಾಂಕರಿಗೆ ಫೋನು ಮಾಡುವ ಊರಿನಲ್ಲಿ ಇದು ಸಣ್ಣ ಲೆಕ್ಕವಲ್ಲ. ಕರಗಿದ ಘನವಸ್ತು 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದು ಸುಮ್ಮನೆ ಅಲ್ಲ. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬಂದಿಲ್ಲ. ಕ್ಲೋರಿನ್ ಪೊರೆಯನ್ನು ಹಾಳು ಮಾಡುತ್ತದೆಂದು ಯಂತ್ರ ಅದನ್ನು ಇದ್ದಿಲಿನಿಂದ ಮೊದಲೇ ತೆಗೆದುಬಿಡುತ್ತದೆ. ಅಂದರೆ ಪಾಲಿಕೆ ಬೆರೆಸಿ ಕಳಿಸಿದ ಕಾವಲುಗಾರನನ್ನು ಬಾಗಿಲಲ್ಲೇ ಬಿಡಿಸಿ ಕಳಿಸಿ, ಕಾವಲಿಲ್ಲದ ನೀರನ್ನು ಯಂತ್ರದ ಹೊಟ್ಟೆಯೊಳಗಿನ ಪ್ಲಾಸ್ಟಿಕ್ ತೊಟ್ಟಿಯಲ್ಲಿ ತುಂಬಿಡುತ್ತೇವೆ. ಆ ತೊಟ್ಟಿಯನ್ನು ತೆರೆದು ತೊಳೆಯುವವರು ಎಷ್ಟು ಮಂದಿ?

ಜನ ಆರ್‌ಒ ಕಡೆ ವಾಲುವುದಕ್ಕೆ ಒಂದು ಕಣ್ಕಟ್ಟೂ ಕಾರಣ. ಮಾರಲು ಬಂದವರು ಎರಡು ಲೋಟಗಳಲ್ಲಿ ನಿಮ್ಮ ನಳದ ನೀರನ್ನೂ ತಮ್ಮ ಯಂತ್ರದ ನೀರನ್ನೂ ಇಟ್ಟು, ವಿದ್ಯುತ್ ಹರಿಯುವ ಸರಳುಗಳನ್ನು ಇಳಿಬಿಡುತ್ತಾರೆ. ನಿಮಿಷದಲ್ಲಿ ನಳದ ನೀರು ಕಂದು ಕೆಸರಾಗುತ್ತದೆ, ಅವರದು ತಿಳಿಯಾಗಿಯೇ ಉಳಿಯುತ್ತದೆ. ಮನೆಯವರು ದಂಗಾಗುತ್ತಾರೆ. ಆ ಕೆಸರು ನೀರಿನದಲ್ಲ, ಕಬ್ಬಿಣದ ಸರಳು ಕರಗಿ ಬಂದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಆದ್ದರಿಂದ ಸರಳು ಸವೆಯುತ್ತದೆ; ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದು, ಆದ್ದರಿಂದ ಬಣ್ಣ ಬಾರದು. ಒಂದು ಲೋಟ ಎಳನೀರು ಇಟ್ಟರೂ ಕೊಳೆಯಂತೆ ಕಂಡೀತು. ಟಿಡಿಎಸ್ ಮೀಟರ್ ಎಂಬ ಪೆನ್ನಿನಾಕಾರದ ಉಪಕರಣಕ್ಕೂ ಇದೇ ಮಿತಿ. ಅದು ಅಳೆಯುವುದು ವಿದ್ಯುತ್ ವಾಹಕತೆಯನ್ನು, ಅದರಿಂದ ಲವಣವನ್ನು ಅಂದಾಜು ಮಾಡುತ್ತದೆ. ಕಾಲರಾ ತರುವ ನೀರು ಆ ಮೀಟರಿನಲ್ಲಿ 60 ತೋರಿಸಬಹುದು, ನಿರಪಾಯವಾದ ಬಾವಿನೀರು 400 ತೋರಿಸಬಹುದು. ಲವಣ ಗೊತ್ತಾಗಬೇಕಾದಾಗ ಅದು ಉಪಯುಕ್ತವೇ. ರೋಗಾಣುವನ್ನು ಮಾತ್ರ ಅದು ಕಾಣದು.

ಆರ್‌ಒ ಬೇಡವೆಂಬ ಮಾತಿಗೆ ಬರುವ ಆಕ್ಷೇಪ ಗಟ್ಟಿಯಾಗಿಯೇ ಇದೆ. ಈಗಿನ ಯಂತ್ರಗಳಲ್ಲಿ ಆರ್‌ಒ ಜೊತೆಗೆ ಅಲ್ಟ್ರಾವಯಲೆಟ್ ದೀಪ, ಅಲ್ಟ್ರಾಫಿಲ್ಟರ್ ಎಲ್ಲ ಒಂದರಲ್ಲೇ ಇವೆಯಲ್ಲ, ಹೆಚ್ಚು ಶುದ್ಧವಾದರೆ ನಷ್ಟವೇನು ಎಂದು ಕೇಳಬಹುದು. ಕಬ್ಬಿನ ಗದ್ದೆಗಳ ಜಿಲ್ಲೆ ಇದು, ಗೊಬ್ಬರ ಮತ್ತು ಕೀಟನಾಶಕ ನೀರಿಗಿಳಿದರೆ ಎಂಬ ಅಳುಕೂ ನ್ಯಾಯವಾದದ್ದೇ. ಈ ಅಳುಕಿಗೆ ಉತ್ತರ ಪರೀಕ್ಷೆ. ಬಡಾವಣೆಯ ಬೋರ್‌ವೆಲ್ಲನ್ನೇ ನೆಚ್ಚಿದ ಅಪಾರ್ಟ್‌ಮೆಂಟಿನಲ್ಲಿ, ಅಥವಾ ಜಿಲ್ಲೆಯ ಪೂರ್ವಕ್ಕೆ ಹೋದಂತೆ ಸಿಗುವ ಗಡಸು ನೀರಿನ ಊರುಗಳಲ್ಲಿ, ಪ್ರಯೋಗಾಲಯದ ವರದಿಯಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದ್ದರೆ, ಫ್ಲೋರೈಡ್ 1.5 ಮೀರಿದ್ದರೆ, ಕರಗಿದ ಘನವಸ್ತು ಸಾವಿರದ ಆಚೆ ಹೋಗಿದ್ದರೆ ಆರ್‌ಒ ತರಲೇಬೇಕು. ಅಲ್ಲಿ ಕಾಯಿಸುವುದರಿಂದ ಏನೂ ಆಗದು, ನೈಟ್ರೇಟ್ ಆವಿಯಾಗುವುದಿಲ್ಲ, ನೀರು ಇಂಗಿದಷ್ಟೂ ಅದು ದಟ್ಟವಾಗುತ್ತದೆ. ಆದರೆ ಅಂಥ ವರದಿಯಿಲ್ಲದೆ ರಾಕಸಕೊಪ್ಪದ ನೀರಿಗೆ ಆರ್‌ಒ ಕೂರಿಸಿದವರು ಇಲ್ಲದ ಲವಣವನ್ನು ತೆಗೆಯಲು ದುಡ್ಡು, ವಿದ್ಯುತ್ತು, ನೀರು ಮೂರನ್ನೂ ಸುರಿಯುತ್ತಿದ್ದಾರೆ. ನಗರದ ನಳದ ನೀರಿಗೆ ಕೆಸರು ತಡೆಯುವ ಮುನ್‌ಶೋಧಕ, ಇದ್ದಿಲು, ಅಲ್ಟ್ರಾಫಿಲ್ಟರ್, ಕೊನೆಗೆ ಯುವಿ ದೀಪ ಇರುವ ಯಂತ್ರ ಸಾಕು. ಅಲ್ಟ್ರಾಫಿಲ್ಟರಿನ ರಂಧ್ರ ಬ್ಯಾಕ್ಟೀರಿಯಾಕ್ಕಿಂತ ಕಿರಿದು, ದೀಪ ವೈರಸ್ಸುಗಳನ್ನು ನೋಡಿಕೊಳ್ಳುತ್ತದೆ. ಕೀಟನಾಶಕದ ಅಳುಕಿರುವವರಿಗೆ ಬಹುಪಾಲು ಕೆಲಸ ಮಾಡುವುದು ಆ ಇದ್ದಿಲೇ. ಅದನ್ನು ಕಾಲಕಾಲಕ್ಕೆ ಬದಲಾಯಿಸುತ್ತಿರಬೇಕು.

ಖಾನಾಪುರದ ಹಳ್ಳಿಗಳ ಕಥೆ ಬೇರೆ, ಮತ್ತು ನನಗೆ ಕಾಣುವಂತೆ ಇಲ್ಲಿಯೇ ಆಯ್ಕೆ ಹೆಚ್ಚು ಸೂಕ್ಷ್ಮ. ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ಹಳ್ಳಿಯಲ್ಲಿ ನೀರು ಅತಿ ಕೆಡುವುದು ಯಾವಾಗ? ಜೂನ್ ಜುಲೈ ಮಳೆಯಲ್ಲಿ. ಹಳ್ಳ ಕೆಂಪಾಗುತ್ತದೆ, ಬಾವಿಗೆ ಅಂಗಳದ ನೀರು ಇಳಿಯುತ್ತದೆ, ದನದ ಕೊಟ್ಟಿಗೆಯ ಗಂಜಲವೂ ಸೇರಬಹುದು. ಕರೆಂಟು ಹೋಗುವುದು ಯಾವಾಗ? ಅದೇ ಮಳೆಯಲ್ಲಿ, ಮರ ತಂತಿಯ ಮೇಲೆ ಬಿದ್ದು. ಹೀಗೆ ವಿದ್ಯುತ್ ಯಂತ್ರ ಅತ್ಯಂತ ಬೇಕಾದ ವಾರದಲ್ಲೇ ಸುಮ್ಮನಾಗುತ್ತದೆ. ಕರೆಂಟು ಇದ್ದರೂ ಯುವಿ ದೀಪಕ್ಕೆ ಕದಡಿದ ನೀರು ಒಗ್ಗದು. ಮಣ್ಣಿನ ಕಣದ ನೆರಳಲ್ಲಿ ರೋಗಾಣು ಅವಿತುಕೊಳ್ಳುತ್ತದೆ. ಆದ್ದರಿಂದ ಇಲ್ಲಿಗೆ ಬೇಕಾದದ್ದು ವಿದ್ಯುತ್ ಕೇಳದ, ನೀರಿನ ಭಾರದಿಂದಲೇ ಇಳಿದು ಸೋಸುವ ಫಿಲ್ಟರ್: ಸೆರಾಮಿಕ್ ಕ್ಯಾಂಡಲಿನದು ಅಥವಾ ಅಲ್ಟ್ರಾಫಿಲ್ಟರಿನದು. ಕದಡಿದ ನೀರಿಗೆ ಮೊದಲು ತುಸು ಪಟಿಕ ಆಡಿಸಿ ಕೆಸರು ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಫಿಲ್ಟರಿಗೆ ಹೊಯ್ದರೆ ಕ್ಯಾಂಡಲ್ ಬೇಗ ಕಟ್ಟಿಕೊಳ್ಳದು. ಕ್ಯಾಂಡಲ್ ಎಂದರೆ ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳೇ. 1884ರಲ್ಲಿ ಪ್ಯಾರಿಸ್ಸಿನಲ್ಲಿ ಪಾಸ್ಟರನ ಸಹಾಯಕ ಶಾಂಬೆರ್ಲಾಂ ರೂಪಿಸಿದ ಶೋಧಕದಿಂದಲೂ ಈ ತತ್ತ್ವ ಬದಲಾಗಿಲ್ಲ. ಮಡಕೆ-ಹೆಂಚುಗಳಿಗೆ ಹೆಸರಾದ, ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯೇ ನೆಲೆಸಿರುವ ಖಾನಾಪುರ ತನ್ನ ಜೇಡಿಯಿಂದ ಒಳ್ಳೆಯ ಅಗ್ಗದ ಕ್ಯಾಂಡಲ್ ಮಾಡಿ ಮಾರಿದರೆ ಎಷ್ಟು ಚೆನ್ನ ಎಂದು ಅನ್ನಿಸದಿರದು. ಆದರೆ ಮಣ್ಣಿನ ಹರವಿ ನೀರನ್ನು ತಣಿಸುತ್ತದೆ, ಶುದ್ಧ ಮಾಡುವುದಿಲ್ಲ, ಎರಡನ್ನೂ ಕಲಸಬಾರದು.

ಕ್ಯಾಂಡಲಿಗೂ ಮಿತಿಯಿದೆ. ಒಳ್ಳೆಯದಾದರೆ ಬ್ಯಾಕ್ಟೀರಿಯಾ ತಡೆಯುತ್ತದೆ, ಕಾಮಾಲೆ ತರುವ ವೈರಸ್ಸು ಜಾರಿ ಹೋಗುತ್ತದೆ. ಅಲ್ಲಿಗೆ ಕ್ಲೋರಿನ್ ಬೇಕು, ಇಲ್ಲವೆ ಬೆಂಕಿ. ನೀರು ಕೊತಕೊತನೆ ಒಂದು ನಿಮಿಷ ಕುದ್ದರೆ ಸಾಕು, ರೋಗ ತರುವ ಬ್ಯಾಕ್ಟೀರಿಯಾ, ವೈರಸ್, ಅಮೀಬಾಗಳೆಲ್ಲ ಸಾಯುತ್ತವೆ. ಅರ್ಧ ಗಂಟೆ ಕಾಯಿಸಿ ಗ್ಯಾಸು ಉರಿಸುವುದು ವ್ಯರ್ಥ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವವರಿಗೆ ವೈದ್ಯಕೀಯ ಪಠ್ಯಗಳು ಹೇಳುವ ಅಳತೆ ಸಾವಿರ ಲೀಟರ್ ನೀರಿಗೆ ಒಳ್ಳೆಯ ಪುಡಿ ಸುಮಾರು 2.5 ಗ್ರಾಂ, ಕಾಯಬೇಕಾದದ್ದು ಒಂದು ಗಂಟೆ. ಪುಡಿ ಹಳೆಯದಾಗಿ ತೇವ ಹಿಡಿದಿದ್ದರೆ ಬಲ ಕಳೆದುಕೊಂಡಿರುತ್ತದೆ, ಅದನ್ನು ಎಷ್ಟು ಸುರಿದರೂ ಅಷ್ಟೆ. ಘಟ್ಟದ ಊರುಗಳಲ್ಲಿ ಇನ್ನೊಂದು ನಂಬಿಕೆ ಬಲವಾಗಿದೆ: ನಮ್ಮದು ಕಾಡಿನ ಝರಿ, ಅಜ್ಜ ಮುತ್ತಜ್ಜ ಕುಡಿದು ಗಟ್ಟಿಯಾಗಿ ಬದುಕಿದರು. ಬದುಕಿದವರ ನೆನಪು ಉಳಿಯುತ್ತದೆ, ಹಸುಗೂಸಾಗಿದ್ದಾಗಲೇ ಭೇದಿಯಲ್ಲಿ ಹೋದವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಕಾಡಿನ ಹಳ್ಳದಲ್ಲಿ ಮನುಷ್ಯರಿಲ್ಲದಿದ್ದರೂ ಕಾಡೆಮ್ಮೆ, ಜಿಂಕೆ, ಇಲಿಗಳಿವೆ. ತಾಮ್ರದ ಕೊಡದಲ್ಲಿಟ್ಟ ನೀರು ಒಳ್ಳೆಯದೆಂಬ ಮಾತಿಗೆ ಮಾತ್ರ ಆಧಾರವಿದೆ. ಬೆಂಗಳೂರಿನ ಆಯುರ್ವೇದ ಸಂಶೋಧಕರು ಕೋಲ್ಕತಾದ ವಿಜ್ಞಾನಿಗಳೊಡನೆ ಸೇರಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಬದುಕಿ ಉಳಿಯಲಿಲ್ಲ. ಆದರೆ 16 ಗಂಟೆ ಎಂಬುದನ್ನು ಮರೆಯಬಾರದು, ಸಂಜೆ ತುಂಬಿ ರಾತ್ರಿಯೂಟಕ್ಕೆ ಕುಡಿದರೆ ಆ ಫಲವಿಲ್ಲ. ಫಿಲ್ಟರಾದ ನೀರನ್ನು ಮುಚ್ಚಿಡಲು ತಾಮ್ರ ಒಳ್ಳೆಯ ಪಾತ್ರೆ, ಫಿಲ್ಟರಿನ ಬದಲಿಗೆ ಅಲ್ಲ. ಯಾವ ಪಾತ್ರೆಯಾದರೂ ಅದಕ್ಕೆ ನಲ್ಲಿ ಇರಲಿ. ತಂಬಿಗೆ ಅದ್ದಿದ ಕೈಯೇ ಎಷ್ಟೋ ಸಲ ಯಂತ್ರದ ಕೆಲಸವನ್ನು ಕೆಡಿಸುತ್ತದೆ.

ಕೊಳ್ಳುವ ಮೊದಲು ಪರೀಕ್ಷೆ ಎಂದೆ. ಅದು ದೊಡ್ಡ ಖರ್ಚಿನ ಕೆಲಸವಲ್ಲ. ಲವಣ, ನೈಟ್ರೇಟ್, ಫ್ಲೋರೈಡ್ ಅಳೆಯಲು ಸರಕಾರದ ಜಿಲ್ಲಾ ಪ್ರಯೋಗಾಲಯವಿದೆ. ಜಲಜೀವನ ಯೋಜನೆ ಬಂದ ಮೇಲೆ ಗ್ರಾಮ ಪಂಚಾಯಿತಿಗಳಿಗೂ ಪರೀಕ್ಷಾ ಕಿಟ್ಟು ಕೊಟ್ಟಿದ್ದಾರೆ. ಮಲದ ಸೋಂಕನ್ನು ಪತ್ತೆ ಹಚ್ಚುವ ಸರಳ ಶೀಶೆಯೊಂದು ನಮ್ಮ ದೇಶದ್ದೇ ಕೊಡುಗೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಂಜ, ಮೌರ್ಯ, ರಾವ್ ಎಂಬ ಮೂವರು 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅದನ್ನು ವಿವರಿಸಿದರು. ಶೀಶೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ ಸೋಂಕಿದ್ದ ನೀರು ಕಪ್ಪಾಗುತ್ತದೆ. ಸರಳುಗಳ ಕಣ್ಕಟ್ಟಿಗಿಂತ ಈ ಕಪ್ಪು ಎಷ್ಟೋ ಪಾಲು ನಂಬಲರ್ಹ. ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ನೋಡಬೇಕು, ಎರಡು ಕಾಲದ ನೀರು ಒಂದೇ ಅಲ್ಲ. ಜೊತೆಗೆ ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿಯವರು ಖಾನಾಪುರಕ್ಕೆ ಬರುತ್ತಾರೆಯೇ, ಬೆಳಗಾವಿಯಲ್ಲೇ ಕೂತಿರುತ್ತಾರೆಯೇ ಎಂದು ಕೇಳಿಯೇ ದುಡ್ಡು ಕೊಡಬೇಕು. ಕ್ಯಾಂಡಲ್ ಬದಲಿಸದ, ದೀಪ ಸತ್ತಿದ್ದು ತಿಳಿಯದ ಯಂತ್ರ ಯಂತ್ರವಿಲ್ಲದ್ದಕ್ಕಿಂತ ಕೆಟ್ಟದ್ದು. ಯಂತ್ರವೇ ಇಲ್ಲದಿದ್ದರೆ ಮನೆಯವರು ಕಾಯಿಸಿಯಾದರೂ ಕುಡಿಯುತ್ತಿದ್ದರು.

ನೀರು ನೋಡಿ ಫಿಲ್ಟರ್ ಆರಿಸುವ ಈ ತರ್ಕವೇ ಪ್ರಯಾಣಕ್ಕೂ. ಈಗ ಹೀರುವ ಕೊಳವೆಯಂಥ, ಬಾಟಲಿಗೆ ತಿರುಗಿಸಿ ಹಾಕುವ ಕಿರು ಫಿಲ್ಟರುಗಳು ಸಿಗುತ್ತವೆ. ಅವುಗಳ ರಂಧ್ರ ಸುಮಾರು 0.1ರಿಂದ 0.2 ಮೈಕ್ರಾನ್. ಚೋರ್ಲಾ ಘಟ್ಟದ ಕಡೆ ಚಾರಣಕ್ಕೆ ಹೋಗುವವರಿಗೆ ಅವು ಸರಿಯಾದ ಜೊತೆಗಾರ, ಏಕೆಂದರೆ ಕಾಡಿನ ಹಳ್ಳದಲ್ಲಿ ಹೆಚ್ಚಿನ ಭಯ ಬ್ಯಾಕ್ಟೀರಿಯಾ ಮತ್ತು ಜಿಯಾರ್ಡಿಯಾದಂಥ ಏಕಕೋಶ ಜೀವಿಗಳದ್ದು. ಈ ಏಕಕೋಶಿಗಳು ಕ್ಲೋರಿನ್ನಿಗೆ ಬೇಗ ಬಗ್ಗುವುದಿಲ್ಲ, ಆದ್ದರಿಂದ ಕಾಡಿಗೆ ಬರಿಯ ಕ್ಲೋರಿನ್ ಗುಳಿಗೆ ಸಾಲದು. ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ, ಆಷಾಢದ ಪಂಢರಪುರ ವಾರಿ ಯಾತ್ರೆಯಲ್ಲಿ ಪರಿಸ್ಥಿತಿ ಉಲ್ಟಾ. ಲಕ್ಷಾಂತರ ಜನ ಸೇರುವ ಕಡೆ ಮನುಷ್ಯರಿಂದಲೇ ಬರುವ ವೈರಸ್ಸುಗಳ, ಅದರಲ್ಲೂ ಹೆಪಟೈಟಿಸ್ ಎ ಮತ್ತು ಇ ಕಾಮಾಲೆಗಳ ಅಪಾಯ ಹೆಚ್ಚು. ಅವು ಆ ಕೊಳವೆ ಫಿಲ್ಟರಿನ ರಂಧ್ರದಲ್ಲಿ ಸಲೀಸಾಗಿ ನುಸುಳುತ್ತವೆ. ಅಲ್ಲಿಗೆ ಕ್ಲೋರಿನ್ ಗುಳಿಗೆಯೇ ಬೇಕು. ಬೆಳಗಾವಿ, ಖಾನಾಪುರದಿಂದ ಪಂಢರಪುರಕ್ಕೆ ನಡೆದು ಹೋಗುವ ದಿಂಡಿ ತಂಡದವರು ಸಾಮಾನು ಹೊರುವ ಗಾಡಿಯಲ್ಲಿ ನಲ್ಲಿಯಿರುವ ಎರಡು ಕ್ಯಾನು ಇಟ್ಟುಕೊಂಡರೆ, ಒಂದಕ್ಕೆ ಬಟ್ಟೆಯಲ್ಲಿ ಸೋಸಿದ ನೀರು ತುಂಬಿ ಗುಳಿಗೆ ಹಾಕಿ ಅರ್ಧ ಗಂಟೆ ಬಿಡುವಷ್ಟರಲ್ಲಿ ಇನ್ನೊಂದರಿಂದ ಕುಡಿಯಬಹುದು. ಗುಳಿಗೆಯ ವಾಸನೆಗೆ ಮೂಗು ಮುರಿಯುವವರು ಇರುತ್ತಾರೆ. ಅರ್ಧ ಗಂಟೆ ಕಳೆದ ಮೇಲೂ ತುಸು ವಾಸನೆ ಉಳಿದಿದ್ದರೆ ಕ್ಲೋರಿನ್ ಇನ್ನೂ ಕೆಲಸಕ್ಕಿದೆ ಎಂದರ್ಥ. ಏನೂ ವಾಸನೆಯಿಲ್ಲದಿದ್ದರೆ ನೀರಿನ ಕೊಳೆಯೇ ಅದನ್ನು ತಿಂದುಹಾಕಿರಬಹುದು. ಆಗ ಇನ್ನೊಂದು ಗುಳಿಗೆ ಹಾಕಿ ಮತ್ತೆ ಅರ್ಧ ಗಂಟೆ ಕಾಯಬೇಕು.